ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚೀತೆ?

ಸಂಜೆಯ ಹೊತ್ತು ಹಾಸನದ ಬಿ. ಎಂ. ರಸ್ತೆಯ ಅಂಚಿನಲ್ಲಿ ಐದು ನಿಮಿಷ ನಿಂತು ಕಿವಿಗೊಟ್ಟವರಿಗೆ ಟಿಕೇಟಿಲ್ಲದೆ ಒಂದು ಸಂಗೀತ ಕಚೇರಿ ದೊರೆಯುತ್ತದೆ. ಲಾರಿಗಳದು ಮಂದ್ರ, ಬಸ್ಸುಗಳದು ಮಧ್ಯ, ಸ್ಕೂಟರುಗಳದು ತಾರ. ಈ ಮೂರು ಸ್ಥಾಯಿಗಳಿಗೂ ಹೊರತಾದ ನಾಲ್ಕನೆಯದೊಂದು ನಡುವೆ ಹಠಾತ್ತನೆ ಎದ್ದು ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ನೋಡಿದರೆ ಒಂದು ಪುಟ್ಟ ಕಾರು. ಅದರ ಬಾಲದಲ್ಲಿ ತಂಬಿಗೆಯ ಬಾಯಿಯಷ್ಟು ದಪ್ಪನಾದ, ಫಳಫಳ ಹೊಳೆಯುವ ಕೊಳವೆ. ಅದು ಹಾದುಹೋದಾಗ ಅಂಗಡಿಯ ಗಾಜು ಅದುರುತ್ತದೆ. ತಾಯಿಯ ಹೆಗಲ ಮೇಲಿನ ಕೂಸು ಬೆಚ್ಚಿ ಅಳುತ್ತದೆ. ಹಿರಿಯರು ಎದೆ ಮುಟ್ಟಿಕೊಂಡು ಶಪಿಸುತ್ತಾರೆ. ಬಸ್ಸಿಗೆ ಕಾದಿರುವ ಹುಡುಗರು ಮಾತ್ರ ಕಣ್ಣರಳಿಸಿ, "ಏನ್ ಪವರ್ ಗುರೂ!" ಎಂದು ಉದ್ಗರಿಸುತ್ತಾರೆ.

ಹಾಸನಕ್ಕಷ್ಟೇ ಈ ಭಾಗ್ಯ ಮೀಸಲಾಗಿಲ್ಲ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ, ಹೊಳೆನರಸೀಪುರದ ಹೇಮಾವತಿ ಸೇತುವೆಯ ಮೇಲೆ, ಅರಕಲಗೂಡಿನ ಪೇಟೆಬೀದಿಯಲ್ಲಿ ಇದೇ ನಾದ, ಇದೇ ಉದ್ಗಾರ. ಸೈಲೆನ್ಸರನ್ನು ಕಿತ್ತೊಗೆದು ದಪ್ಪ ಕೊಳವೆ ಕೂಡಿಸಿದರೆ ಎಂಜಿನ್ನಿಗೆ ಆನೆಬಲ ಬರುತ್ತದೆಂಬುದು ಈ ನಾಲ್ಕು ಊರುಗಳ ತರುಣರಲ್ಲಿ ಬೇರೂರಿದ ನಂಬಿಕೆ. ನನ್ನ ತರಗತಿಗೆ ಬರುವ ವಿದ್ಯಾರ್ಥಿಗಳೂ ಈ ಊರುಗಳವರೇ. ಹಳಗನ್ನಡದ ಸಂಧಿ ಸಮಾಸಗಳನ್ನು ಬಿಡಿಸುವ ಅಧ್ಯಾಪಕನಿಗೆ ಎಂಜಿನ್ನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಆಲೂಗೆಡ್ಡೆ, ತೆಂಗು, ಹೊಗೆಸೊಪ್ಪು ಮಾರಿ ತಂದೆ ಗಳಿಸಿದ ಹಣ ಈ ಕೊಳವೆಯಲ್ಲಿ ಹೊಗೆಯಾಗಿ ಹೋಗುವುದನ್ನು ಕಂಡಮೇಲೆ ವಿಷಯವನ್ನು ಬಲ್ಲವರಿಂದ ಕೇಳಿ, ಓದಿ ತಿಳಿಯದೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ತಿಳಿದುದನ್ನು ಇಲ್ಲಿ ಹೇಳಿದ್ದೇನೆ.

ಎಂಜಿನ್ನಿನ ಉಸಿರಾಟ

ಎಂಜಿನ್ ಎಂಬುದು ಮೂಲತಃ ಉಸಿರಾಡುವ ಯಂತ್ರ. ನಮ್ಮ ಕಾರುಗಳ ಎಂಜಿನ್ನಿನೊಳಗಣ ಪಿಸ್ಟನ್ನು ಒಂದು ಆವರ್ತನದಲ್ಲಿ ನಾಲ್ಕು ನಡೆ ನಡೆಯುತ್ತದೆ. ಮೊದಲ ನಡೆಯಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಅದನ್ನು ಅದುಮುತ್ತದೆ. ಕಿಡಿ ಹತ್ತಿ ಉರಿದ ಅನಿಲ ಉಬ್ಬಿದಾಗ ಮೂರನೆಯ ನಡೆಯಲ್ಲಿ ಕೆಳಕ್ಕೆ ನೂಕಲ್ಪಡುತ್ತದೆ. ನಾಲ್ಕನೆಯದರಲ್ಲಿ ಮೇಲೇರುತ್ತ ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕರಲ್ಲಿ ಗಳಿಕೆಯ ನಡೆ ಒಂದೇ. ಉಳಿದ ಮೂರೂ ಖರ್ಚಿನವು. ಹೊಗೆ ಹೊರಹೋಗಲು ಎಷ್ಟು ಕಷ್ಟಪಡುತ್ತದೆಯೋ ಅಷ್ಟು ಶಕ್ತಿ ಆ ದೂಡುವಿಕೆಯಲ್ಲಿಯೇ ವ್ಯಯವಾಗುತ್ತದೆ. ಇಷ್ಟೇ ಅಲ್ಲ, ಸಿಲಿಂಡರಿನಲ್ಲಿ ಹಳೆಯ ಹೊಗೆ ಉಳಿದಷ್ಟೂ ಹೊಸ ಮಿಶ್ರಣಕ್ಕೆ ಸ್ಥಳ ಕಡಮೆ.

ಈ ಮಟ್ಟಿಗೆ ನಮ್ಮ ತರುಣರ ತರ್ಕ ಸರಿಯೇ. ಮೂಗು ಕಟ್ಟಿದವನು ಓಡಲಾರ. ಹೊಗೆಯ ದಾರಿ ಸುಗಮವಾದರೆ ಎಂಜಿನ್ನಿಗೆ ಅನುಕೂಲ. ಆದರೆ ದಾರಿ ಸುಗಮವಾಗುವುದಕ್ಕೂ ಕೊಳವೆ ದಪ್ಪವಾಗುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ಗಮನಿಸುವುದಿಲ್ಲ.

ಆಲೆಮನೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಕೊಪ್ಪರಿಗೆಯಡಿಯ ಬೆಂಕಿ ಭಗ್ಗೆಂದು ಉರಿಯಬೇಕಾದರೆ ಹೊಗೆಗೂಡಿಗೆ ಒಂದು ಎತ್ತರ, ಒಂದು ಅಗಲ ಇರಬೇಕು. ಹೊಗೆ ಬೇಗ ಹೋಗಲೆಂದು ಗೂಡನ್ನು ಮುರಿದು ನಾಲ್ಕು ಪಾಲು ಅಗಲ ಮಾಡಿದರೆ ಬೆಂಕಿ ಚುರುಕಾಗುವುದಿಲ್ಲ. ಸೆಳೆತ ಸತ್ತು ಹೊಗೆ ಅಲ್ಲಿಯೇ ಸುತ್ತಾಡುತ್ತದೆ. ಎಂಜಿನ್ನಿನ ಕೊಳವೆಯಲ್ಲಿ ಸೆಳೆತ ಹುಟ್ಟುವ ಬಗೆ ಬೇರೆ. ಆದರೆ ಅಳತೆ ಕೆಟ್ಟರೆ ಸೆಳೆತ ಕೆಡುತ್ತದೆಂಬ ಮಾತು ಎರಡಕ್ಕೂ ಒಂದೇ.

ಅಲೆಯ ಆಟ

ಆ ಸೆಳೆತ ಹುಟ್ಟುವ ಬಗೆ ಸ್ವಾರಸ್ಯವಾದುದು. ಹೊಗೆಯ ಕವಾಟ, ಎಂದರೆ ವಾಲ್ವು, ತೆರೆದ ಗಳಿಗೆಯಲ್ಲಿ ಸಿಲಿಂಡರಿನೊಳಗೆ ಹೊರಗಿನ ವಾಯುಭಾರದ ಹಲವು ಪಟ್ಟು ಒತ್ತಡವಿರುತ್ತದೆ. ಅದು ಒಮ್ಮೆಲೇ ಕೊಳವೆಗೆ ನುಗ್ಗಿದಾಗ ಒಂದು ಒತ್ತಡದ ಅಲೆ ಎದ್ದು ಕೊಳವೆಯುದ್ದಕ್ಕೂ ಧಾವಿಸುತ್ತದೆ. ಕಾದ ಅನಿಲದಲ್ಲಿ ಅದರ ವೇಗ ಸೆಕೆಂಡಿಗೆ ಐನೂರು ಮೀಟರಿಗೂ ಮಿಗಿಲು. ಕೊಳವೆ ತೆರೆದುಕೊಳ್ಳುವ ತುದಿಯನ್ನು ಮುಟ್ಟಿದೊಡನೆ ಆ ಅಲೆ ತನ್ನ ಸ್ವಭಾವವನ್ನೇ ಬದಲಿಸಿಕೊಂಡು, ಒತ್ತುವ ಅಲೆ ಹೋಗಿ ಸೆಳೆಯುವ ಅಲೆಯಾಗಿ ಹಿಂದಿರುಗುತ್ತದೆ. ಹೊಗೆಯ ಕವಾಟ ಮುಚ್ಚುವ ಮುನ್ನವೇ ಮಿಶ್ರಣದ ಕವಾಟವೂ ತೆರೆದು ಎರಡೂ ಕ್ಷಣಕಾಲ ಒಟ್ಟಿಗೆ ತೆರೆದಿರುತ್ತವಷ್ಟೆ. ಸೆಳೆಯುವ ಅಲೆ ಸರಿಯಾಗಿ ಆ ಕ್ಷಣಕ್ಕೆ ಬಂದರೆ ಅಳಿದುಳಿದ ಹೊಗೆಯನ್ನು ಎಳೆದೊಯ್ದು, ಹೊಸ ಮಿಶ್ರಣವನ್ನೂ ಒಳಕ್ಕೆ ಕರೆತರುತ್ತದೆ. ಖರ್ಚಿಲ್ಲದೆ ಬಂದ ಲಾಭ ಇದು.

ಆದರೆ ಅಲೆ ಸರಿಯಾದ ಕ್ಷಣಕ್ಕೆ ಬರಬೇಕು. ಉಯ್ಯಾಲೆ ಹಿಂದಕ್ಕೆ ಬಂದು ನಿಂತ ಗಳಿಗೆಯಲ್ಲಿ ನೂಕಿದರೆ ಎತ್ತರಕ್ಕೆ ಏರುತ್ತದೆ. ಎದುರು ಬರುತ್ತಿರುವಾಗಲೇ ನೂಕಿದರೆ ನಿಂತುಹೋಗುತ್ತದೆ. ಒಂದು ಮೀಟರ್ ಉದ್ದದ ಕೊಳವೆಯಲ್ಲಿ ಅಲೆ ಹೋಗಿಬರಲು, ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಸುಮಾರು ಮೂರೂವರೆ ಪಾಲು ಬೇಕು. ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪಿಸ್ಟನ್ನಿನ ಒಂದು ನಡೆಗೆ ಅಂತಹ 5 ಪಾಲು ಸಾಕು; 2000 ಸುತ್ತು ತಿರುಗುವಾಗ 15 ಪಾಲು ಬೇಕು. ಅಲೆಯ ವೇಗ ಹೆಚ್ಚುಕಡಮೆ ಅಷ್ಟೇ ಇರುತ್ತದೆ. ಕವಾಟ ಮುಚ್ಚುವ ಗಳಿಗೆ ಮಾತ್ರ ಹಿಂದುಮುಂದಾಗುತ್ತದೆ. ಆದಕಾರಣ ಒಂದು ವೇಗಕ್ಕೆ ಹೊಂದಿದ ಉದ್ದ ಇನ್ನೊಂದಕ್ಕೆ ಹೊಂದದು. ಪಂದ್ಯದ ಕಾರಿನ ಕೊಳವೆ ಓಟದ ವೇಗಕ್ಕೆ ಶ್ರುತಿಗೊಂಡಿರುತ್ತದೆ. ಪೇಟೆಯ ದಟ್ಟಣೆಯಲ್ಲಿ ಅದೇ ಕೊಳವೆ ಅಪಶ್ರುತಿ. ಕೊಳಲಿನ ರಂಧ್ರಗಳನ್ನು ಅಳೆಯದೆ ಕೊರೆದವನಿಗೆ ರಾಗ ಒಲಿಯುವುದುಂಟೆ?

ದಪ್ಪದ ವಿಚಾರವೂ ಹೀಗೆಯೇ. ಕಿರಿದಾದ ಕೊಳವೆಯಲ್ಲಿ ಹೊಗೆ ರಭಸದಿಂದ ಹರಿಯುತ್ತದೆ. ಆ ರಭಸವೇ ಹಿಂದಿನ ಹೊಗೆಯನ್ನೂ ಸೆಳೆದೊಯ್ಯುತ್ತದೆ. ಕಾಲುವೆಯ ನೀರನ್ನು ಗದ್ದೆಗೆ ಬಿಟ್ಟೊಡನೆ ಅದರ ರಭಸ ಅಡಗುವಂತೆ, ಕೊಳವೆ ಅತಿಯಾಗಿ ದಪ್ಪವಾದರೆ ಹೊಗೆಯ ರಭಸವೂ ಅಡಗುತ್ತದೆ. ಕಡಮೆ ಸುತ್ತಿನಲ್ಲಿ ಎಂಜಿನ್ನಿನ ಎಳೆತ ತಗ್ಗುತ್ತದೆ. 'ಎಂಜಿನ್ನಿಗೆ ಸ್ವಲ್ಪ ಹಿಂದೊತ್ತಡ ಬೇಕೇ ಬೇಕು' ಎಂದು ಗ್ಯಾರೇಜುಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ಅದು ಅರ್ಧಸತ್ಯ. ಹಿಂದೊತ್ತಡ ಯಾವ ಎಂಜಿನ್ನಿಗೂ ಬೇಡ. ಬೇಕಾದುದು ಹೊಗೆಯ ರಭಸ, ಅಲೆಯ ಹೊಂದಿಕೆ. ಕೊಳವೆಯನ್ನು ದಪ್ಪಗೊಳಿಸಿದಾಗ ಇವೆರಡೂ ಹೋಗುತ್ತವೆ. ಜನ ಹಿಂದೊತ್ತಡ ಹೋದುದೇ ಕಾರಣವೆಂದು ಭಾವಿಸುತ್ತಾರೆ.

ಮೈಸೂರಿನ ಜಾವಾ ಕಲಿಸಿದ ಪಾಠ

ಇದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಹಳೆಯ ನಿದರ್ಶನವಿದೆ. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ತಯಾರಿಕೆಯನ್ನು ಪ್ರಾರಂಭಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲುಗಳನ್ನು ನಾಡಿಗೆಲ್ಲ ಒದಗಿಸಿತು. ಅವುಗಳದು ಎರಡೇ ನಡೆಯ, ಟೂ-ಸ್ಟ್ರೋಕ್ ಎಂಜಿನ್ನು. ಸಿಲಿಂಡರು ಒಂದಾದರೂ ಇಕ್ಕೆಲಗಳಲ್ಲಿ ಎರಡು ಸೈಲೆನ್ಸರು. ಹಾಸನದ ಕಡೆಯ ಎಷ್ಟೋ ತೋಟದ ಮನೆಗಳ ಹಿರಿಯರಿಗೆ ಅದರ ಧ್ವನಿ ಇಂದಿಗೂ ನೆನಪು.

ಇಂತಹ ಎಂಜಿನ್ನಿನಲ್ಲಿ ಹೊಗೆಗೆ ಕವಾಟವೇ ಇಲ್ಲ, ಬರಿಯ ಕಿಂಡಿ. ಹೊಗೆಯ ಬೆನ್ನು ಹತ್ತಿ ಉರಿಯದ ಹೊಸ ಮಿಶ್ರಣವೂ ಆ ಕಿಂಡಿಯಿಂದ ಹೊರಬೀಳುತ್ತದೆ. ಅದನ್ನು ತಡೆದು ಮರಳಿ ಸಿಲಿಂಡರಿಗೆ ನೂಕುವ ಕೆಲಸ ಕೊಳವೆಯಿಂದ ಹಿಂದಿರುಗುವ ಅಲೆಯದು. ಸೈಲೆನ್ಸರಿನ ತುದಿ ಕಿರಿದಾಗಿರುವುದೂ ಒಳಗೆ ತಡೆಗಳಿರುವುದೂ ಕೇವಲ ಸದ್ದಡಗಿಸಲು ಅಲ್ಲ. ಕೆಲವರು ಒಳಗಿನ ತಡೆಯನ್ನು ಕಿತ್ತುಹಾಕಿ ಗುಡುಗಿನ ಧ್ವನಿಯನ್ನೇನೋ ಪಡೆದರು. ಜೊತೆಗೆ ಎಳೆತ ಕುಗ್ಗಿ, ಪೆಟ್ರೋಲು ಹೊಗೆಯೊಡನೆ ಬೀದಿಪಾಲಾಯಿತು.

ಹಾಗೆಂದು ಸೈಲೆನ್ಸರನ್ನು ಮುಟ್ಟಲೇಬಾರದೆಂದಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆಮಸಿ ಒಳಗೆ ಗಟ್ಟಿಯಾಗಿ ಹೊಗೆಯ ದಾರಿಯನ್ನು ಕಟ್ಟುತ್ತದೆ. ಆಗಾಗ ಬಿಚ್ಚಿ, ಮಸಿ ತೆಗೆದು, ಮತ್ತೆ ಅದೇ ಜಾಗದಲ್ಲಿ ಕೂಡಿಸುವುದು ಬಲ್ಲ ಮೇಸ್ತ್ರಿಯ ಲಕ್ಷಣವಾಗಿತ್ತು. ಸ್ವಚ್ಛಗೊಳಿಸುವುದು ಬೇರೆ, ಕಿತ್ತೊಗೆಯುವುದು ಬೇರೆ.

ಯಾದವಗಿರಿಯಲ್ಲಿ ತಯಾರಿಕೆ ಆರಂಭವಾದ ಆ 1961ರಲ್ಲಿಯೇ ಯೂರೋಪಿನಲ್ಲಿ ಒಂದು ಪತ್ತೇದಾರಿ ಕಥೆಯಂತಹ ಘಟನೆ ನಡೆಯಿತು. ಪೂರ್ವ ಜರ್ಮನಿಯ ಎಂ. ಜೆಡ್. ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್ ಎಂಬಾತ ಉಬ್ಬಿದ ಹೊಟ್ಟೆ ಮತ್ತು ಕಿರಿದಾದ ಬಾಲವುಳ್ಳ ಕೊಳವೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ ತಿದ್ದಿ, 125 ಸಿ. ಸಿ.ಯ ಚಿಕ್ಕ ಎಂಜಿನ್ನಿನಿಂದ ಸುಮಾರು 25 ಅಶ್ವಶಕ್ತಿಯನ್ನು ಹೊರಡಿಸಿದ್ದನು. ಅದರ ಸವಾರ ಅರ್ನ್ಸ್ಟ್ ಡೆಗ್ನರ್ 1961ರ ಸ್ವೀಡನ್ ಪಂದ್ಯದ ವೇಳೆ ತಂಡವನ್ನು ತೊರೆದು ಪಶ್ಚಿಮಕ್ಕೆ ಪರಾರಿಯಾದನು. ಆ ವಿದ್ಯೆ ಅವನೊಡನೆ ಜಪಾನಿನ ಸುಜುಕಿಗೆ ಸೇರಿತು. ಮರುವರ್ಷವೇ 50 ಸಿ. ಸಿ. ವರ್ಗದ ವಿಶ್ವ ಪ್ರಶಸ್ತಿ ಸುಜುಕಿಯ ಪಾಲಾಯಿತು. ಒಂದು ಕೊಳವೆಯ ಆಕಾರಕ್ಕೆ ಇಷ್ಟು ಬೆಲೆ! ಆದರೆ ಆ ಬೆಲೆ ಬಂದದ್ದು ಎಂಜಿನ್ನಿನ ಕಿಂಡಿಗಳಿಗೂ ಕೊಳವೆಗೂ ಕೂದಲೆಳೆಯಷ್ಟು ಹೊಂದಿಕೆ ಮಾಡಿದುದರಿಂದ. ಗರಗಸ ಹಿಡಿದು ಬಾಲ ಕತ್ತರಿಸಿದುದರಿಂದಲ್ಲ.

ಹೊಸ ಕಾರಿನ ಪಂಚೇಂದ್ರಿಯಗಳು

ಇನ್ನು ಇಂದಿನ ಕಾರುಗಳ ವಿಚಾರ. ಇವುಗಳಲ್ಲಿ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವುದು ಒಂದು ಪುಟ್ಟ ಗಣಕ. ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಈ ಪ್ರಮಾಣ ತಪ್ಪಿದೆಯೇ ಎಂದು ನೋಡಲು ಹೊಗೆಯ ದಾರಿಯಲ್ಲಿಯೇ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಕುಳಿತಿರುತ್ತದೆ. ಅದು ಗಣಕದ ನಾಲಗೆ. ರುಚಿ ನೋಡಿ ಸುದ್ದಿ ಮುಟ್ಟಿಸುತ್ತದೆ.

ಸೆನ್ಸರಿಗಿಂತ ಮೊದಲಿನ ಜಾಗದಲ್ಲಿ ಕೊಳವೆಯನ್ನು ಕೊಯ್ದು ಕೆಟ್ಟದಾಗಿ ಬೆಸುಗೆ ಹಾಕಿದರೆ ಸಂದಿನಿಂದ ಹೊರಗಾಳಿ ಒಳನುಸುಳುತ್ತದೆ. ಸೆನ್ಸರು ಆ ಗಾಳಿಯ ಆಮ್ಲಜನಕವನ್ನು ಕಂಡು 'ಪೆಟ್ರೋಲು ಸಾಲದು' ಎಂದು ಸುಳ್ಳು ಸುದ್ದಿ ಹೇಳುತ್ತದೆ. ಗಣಕ ನಂಬಿ ಮತ್ತಷ್ಟು ಪೆಟ್ರೋಲು ಸುರಿಯುತ್ತದೆ. ಪರಿಣಾಮ ಕಪ್ಪುಹೊಗೆ, ಮಸಿ ಹಿಡಿದ ಪ್ಲಗ್ಗು, ಬರಿದಾಗುವ ಜೇಬು. ಗಣಕವಿಲ್ಲದ ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಇದರ ವಿಪರೀತ: ಹೊಗೆಯ ದಾರಿ ಬದಲಾದರೂ ಪೆಟ್ರೋಲಿನ ಅಳತೆ ಹಳೆಯದೇ ಆಗಿರುವುದರಿಂದ ಮಿಶ್ರಣ ತೆಳುವಾಗಿ ಎಂಜಿನ್ನು ಮಿತಿಮೀರಿ ಕಾಯಬಹುದು. ಆಕ್ಸಿಲರೇಟರು ಬಿಟ್ಟಾಗ ಬಾಲದಲ್ಲಿ ಪಟಪಟನೆ ಸಿಡಿಯುವ ಪಟಾಕಿಯನ್ನು ಹುಡುಗರು ಪೌರುಷವೆಂದು ತಿಳಿಯುತ್ತಾರೆ. ಅದು ಸಿಲಿಂಡರಿನಲ್ಲಿ ಉರಿದು ಗಾಡಿಯನ್ನು ಎಳೆಯಬೇಕಾಗಿದ್ದ ಪೆಟ್ರೋಲು ಕೊಳವೆಯಲ್ಲಿ ವ್ಯರ್ಥವಾಗಿ ಉರಿಯುವ ಸದ್ದು.

ಸ್ಥಳದ ಮಹಿಮೆಯನ್ನೂ ಮರೆಯಬಾರದು. ಹಾಸನವಿರುವುದು ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ತೆಳು. ಟರ್ಬೊ ಇಲ್ಲದ ಎಂಜಿನ್ನೊಂದು ಮಂಗಳೂರಿನಲ್ಲಿ ನೂರು ಅಶ್ವಶಕ್ತಿ ಕೊಟ್ಟರೆ ಹಾಸನದಲ್ಲಿ ಸುಮಾರು ತೊಂಬತ್ತು ಕೊಟ್ಟೀತು. ಶಿರಾಡಿ ಘಾಟಿಯನ್ನು ಹತ್ತಿ ಬರುವುದರೊಳಗೆ ಕಳೆದುಹೋಗುವ ಈ ಹತ್ತನ್ನು ಯಾವ ಹೊಳಪಿನ ಕೊಳವೆಯೂ ತಂದುಕೊಡಲಾರದು.

ಒಬ್ಬ ಹುಡುಗನ ಕಾರು

ಒಂದು ನಿಜಸಂಗತಿಯನ್ನು ಹೇಳುತ್ತೇನೆ. ನನ್ನ ವಿದ್ಯಾರ್ಥಿಯೊಬ್ಬ ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯ ಹಳ್ಳಿಯವನು. ತಾಯಿಗೆ ಅಸ್ವಸ್ಥತೆ, ಆಗಾಗ ಹಾಸನದ ಆಸ್ಪತ್ರೆಗೆ ಕರೆತರಬೇಕು. ಅದಕ್ಕೆಂದೇ ತಂದೆ ಒಂದು ವರ್ಷದ ಹೊಗೆಸೊಪ್ಪಿನ ಹಣದಲ್ಲಿ ಹಳೆಯ ಮಾರುತಿ 800 ಕೊಂಡಿದ್ದರು. ಮೂರು ಸಿಲಿಂಡರಿನ, 796 ಸಿ. ಸಿ.ಯ, ಹೊಸದಾಗಿದ್ದಾಗಲೂ ಸುಮಾರು 37 ಅಶ್ವಶಕ್ತಿಯಷ್ಟೇ ಇದ್ದ ಸಾಧುಪ್ರಾಣಿ ಅದು. ಹುಡುಗ ಒಂದು ಅಂಗಡಿಯಲ್ಲಿ ಅದರ ಹೊಗೆಶೋಧಕವನ್ನೂ ಸೈಲೆನ್ಸರನ್ನೂ ತೆಗೆಸಿ, ದಪ್ಪ ಕೊಳವೆ ಹಾಕಿಸಿಬಿಟ್ಟ. ಹಣ ಎಲ್ಲಿಯದೆಂದರೆ ಕಾಲೇಜಿಗೆ ಕಟ್ಟಬೇಕಾಗಿದ್ದ ಶುಲ್ಕದ್ದು.

ಕಾರು ಗರ್ಜಿಸಿತು. ಆದರೆ ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೆಯ ಗೇರು ಬೇಕಾಯಿತು. ಮಳೆಗಾಲದ ಒಂದು ರಾತ್ರಿ ಗಾಜುಗಳನ್ನೆಲ್ಲ ಏರಿಸಿಕೊಂಡು ತಾಯಿಯನ್ನು ಹಾಸನದಿಂದ ಊರಿಗೆ ಕರೆದೊಯ್ಯುವಾಗ ಆಕೆಗೆ ತಲೆಸಿಡಿತ, ವಾಕರಿಕೆ. ಮೊದಲಿನ ಕಾಯಿಲೆಯದೇ ಉಪದ್ರವವೆಂದುಕೊಂಡರು. ಗಾಡಿ ನಿಲ್ಲಿಸಿ, ಬಾಗಿಲು ತೆರೆದು ಗಾಳಿಗೆ ಕೂರಿಸಿದ ಮೇಲೆ ಸುಧಾರಿಸಿತು. ಮರುವಾರವೂ ಹಾಗೆಯೇ ಆಯಿತು.

ತಂದೆ ಕಾರನ್ನು ಹೊಳೆನರಸೀಪುರದ ಹಳೆಯ ಮೇಸ್ತ್ರಿಯೊಬ್ಬರ ಬಳಿಗೆ ಒಯ್ದರು. ಅಂದು ನಾನೂ ಜೊತೆಯಲ್ಲಿದ್ದೆ. ಮೇಸ್ತ್ರಿ ಕಾರಿನಡಿ ನುಸುಳಿ, ಎಂಜಿನ್ನು ನಡೆಯುತ್ತಿರುವಂತೆಯೇ ಬೆಸುಗೆಯ ಸುತ್ತ ಸಾಬೂನಿನ ನೊರೆ ಬಳಿದು ನೋಡಿ ಎದ್ದು ಬಂದರು.

"ಗೌಡ್ರೇ, ಜಾಯಿಂಟಲ್ಲಿ ಹೊಗೆ ಸೋರ್ತಾ ಐತೆ. ತಳದ ತಗಡಿನ ತೂತಿಂದ ಸೀದಾ ಒಳಕ್ಕೇ ಬರ್ತದೆ. ಇದು ನಿಮಗೆ ವಾಸ್ನೆ ಹೇಳಿ ಬರೋ ವಿಷ ಅಲ್ಲ."

"ಸದ್ದು ಜೋರಾಗದೆ, ಗಾಡಿ ಜೋರಾಗದೆ ಅಂತಿದ್ದ ಇವ್ನು," ಎಂದರು ತಂದೆ, ಮಗನತ್ತ ನೋಡದೆಯೇ.

"ಸದ್ದು ಜೋರಾಗದೆ, ಅಷ್ಟೇಯ. ಏನಪ್ಪಾ, ಎತ್ತಿನ ಕೊರಳಿಗೆ ದೊಡ್ಡ ಗಂಟೆ ಕಟ್ಟಿದ್ರೆ ಜಾಸ್ತಿ ಉಳ್ತದಾ?"

ಹುಡುಗ ತಲೆ ತಗ್ಗಿಸಿದ. ಮೇಸ್ತ್ರಿಯ ಮಾತಿನ ಹಿಂದಿನ ವಿಜ್ಞಾನ ಭಯಂಕರವಾದುದು. ಎಂಜಿನ್ನಿನ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವಿದೆ, ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನು ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಅನಂತರ ಮಂಕು, ಕೊನೆಗೆ ಎಚ್ಚರವಿಲ್ಲದ ನಿದ್ರೆ. ಆ ತಾಯಿ ಉಳಿದುದು ಪುಣ್ಯ. ಹಳೆಯ ಕಾರೊಂದರ ಸೈಲೆನ್ಸರನ್ನು ಹುಡುಕಿ, ಹೊಸ ಶೋಧಕದೊಡನೆ ಅಚ್ಚುಕಟ್ಟಾಗಿ ಕೂಡಿಸಿಕೊಟ್ಟ ಮೇಲೆ ಕಾರು ಮತ್ತೆ ಸಾಧುವಾಯಿತು. ಆ ಏರನ್ನೂ ಮೂರನೆಯ ಗೇರಿನಲ್ಲಿಯೇ ಹತ್ತಿತು.

ಜೇನುಗೂಡಿನ ಮಹತ್ವ

ಆ ಅಂಗಡಿಯವರು ತೆಗೆದೆಸೆದ ಹೊಗೆಶೋಧಕವೆಂಬುದು ಏನು? ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಅದರ ಹೆಸರು. ತಗಡಿನ ಡಬ್ಬಿಯೊಳಗೆ ಜೇನುಗೂಡಿನಂತಹ ಪಿಂಗಾಣಿಯ ಇಟ್ಟಿಗೆ. ಅದರ ಸಾವಿರಾರು ಕಿಂಡಿಗಳಿಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಬೆಲೆಬಾಳುವ ಲೋಹಗಳ ತೆಳು ಲೇಪನ. ವಿಷಾನಿಲಗಳು ಅಲ್ಲಿ ಹಾಯುವಾಗ ಬಹುಮಟ್ಟಿಗೆ ನಿರಪಾಯ ವಸ್ತುಗಳಾಗಿ ಮಾರ್ಪಡುತ್ತವೆ. ನಮ್ಮ ದೇಶದ ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ 1995ರಲ್ಲಿ ಇದು ಕಡ್ಡಾಯವಾಯಿತು. ಸೀಸ ಈ ಲೇಪನದ ಶತ್ರುವಾದುದರಿಂದ ಸೀಸ ಬೆರೆತ ಪೆಟ್ರೋಲನ್ನು ಕಾರುಗಳಿಂದ ದೂರಮಾಡುವುದೂ ಅಗತ್ಯವಾಗಿ, 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ ಬಂದಿತು.

ಡೀಸೆಲ್ ಗಾಡಿಗಳದು ಇನ್ನೊಂದು ಕಥೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ. ಎಸ್. 6 ನಿಯಮಗಳ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಟ್ಟು, ಆಗಾಗ ಸುಮಾರು ಆರುನೂರು ಡಿಗ್ರಿ ಶಾಖದಲ್ಲಿ ಸುಟ್ಟುಹಾಕುವ ಜಾಲರಿಯಿರುತ್ತದೆ. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎಂದು ಕುಂಟುತ್ತ ಓಡಾಡುವ ಗಾಡಿಗೆ ಅಷ್ಟು ಶಾಖ ಹುಟ್ಟದೆ ಜಾಲರಿ ಕಟ್ಟಿಕೊಳ್ಳುತ್ತದೆ. ಆಗ ಎಳೆತ ತಗ್ಗುವುದು ನಿಜ. ಅದಕ್ಕೆ ಪರಿಹಾರ ಜಾಲರಿಯನ್ನೇ ಕಿತ್ತೆಸೆಯುವುದಲ್ಲ. ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಅನೇಕ ವೇಳೆ ಅದು ತಾನೇ ಶುಚಿಗೊಳ್ಳುತ್ತದೆ. ಡೀಸೆಲ್ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಸಾರಿದೆ. ಜಾಲರಿ ಕಿತ್ತವನು ಮೊದಲು ಹೊಗೆಯುಣಿಸುವುದು ತನ್ನ ಬೀದಿಯವರಿಗೇ.

ಹಾಗಾದರೆ ಲಾಭವೇ ಇಲ್ಲವೆ?

ಇಲ್ಲವೆಂದರೆ ಅಸತ್ಯವಾದೀತು. ಕಾರ್ಖಾನೆಯವರು ಕೊಳವೆಯನ್ನು ರಚಿಸುವಾಗ ಬೆಲೆ, ಸದ್ದು, ಹೊಗೆ, ಬಾಳಿಕೆ, ಎಳೆತ ಎಲ್ಲವನ್ನೂ ತೂಗಿ ಒಂದು ರಾಜಿ ಮಾಡಿಕೊಂಡಿರುತ್ತಾರೆ. ಶಕ್ತಿಯೊಂದೇ ಗುರಿಯಾದರೆ ಆ ರಾಜಿಯನ್ನು ಮುರಿಯಬಹುದು. ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ನಡೆಯುತ್ತ ಬಂದಿರುವ ರ‍್ಯಾಲಿಗಳಂತಹ ಪಂದ್ಯಗಳ ಕಾರುಗಳಲ್ಲಿ ಇದನ್ನು ಕಾಣಬಹುದು. ನಾಲ್ಕು ಸಿಲಿಂಡರುಗಳಿಂದ ಹೊರಡುವ ನಾಲ್ಕು ಕೊಳವೆಗಳನ್ನು ಮೊದಲು ಎರಡಾಗಿ, ಅನಂತರ ಒಂದಾಗಿ ಕೂಡಿಸಿದರೆ ಮಧ್ಯಮ ವೇಗಗಳಲ್ಲಿ ಎಳೆತ ಚೆನ್ನಾಗಿರುತ್ತದೆ. ನಾಲ್ಕನ್ನೂ ಒಮ್ಮೆಲೇ ಒಂದಾಗಿಸಿದರೆ ಸಾಮಾನ್ಯವಾಗಿ ಅತ್ಯುಚ್ಚ ವೇಗದಲ್ಲಿ ಲಾಭ. ಟರ್ಬೊ ಇರುವ ಎಂಜಿನ್ನುಗಳಲ್ಲಿ, ಟರ್ಬೊ ಚಕ್ರದ ಮುಂದಿನ ಹೊಗೆದಾರಿಯನ್ನು ಹಗುರಗೊಳಿಸಿ ಗಣಕವನ್ನೂ ಅದಕ್ಕೆ ತಕ್ಕಂತೆ ತಿದ್ದಿದರೆ ಗಣನೀಯ ಹೆಚ್ಚಳ ದೊರೆಯುತ್ತದೆ.

ಆದರೆ ಆ ಕೆಲಸದಲ್ಲಿ ಗಾಳಿ ಬರುವ ದಾರಿ, ಕವಾಟಗಳು ತೆರೆಯುವ ಕಾಲ, ಪೆಟ್ರೋಲಿನ ಅಳತೆ, ಕಿಡಿಯ ಗಳಿಗೆ ಇವೆಲ್ಲವನ್ನೂ ಒಟ್ಟಿಗೆ ಬದಲಿಸಿ, ಡೈನಮೋಮೀಟರ್ ಎಂಬ ಅಳೆಯುವ ಯಂತ್ರದ ಮೇಲೆ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಸಾಮಾನ್ಯವಾದ ಸಣ್ಣ ಕಾರಿಗೆ ಹಿಂಬದಿಯ ಡಬ್ಬಿಯೊಂದನ್ನೇ ಬದಲಿಸಿದರೆ ಸಿಕ್ಕರೂ ಸಿಗುವುದು ಒಂದೆರಡು ಅಶ್ವಶಕ್ತಿ. ಅದೂ ಎಂಜಿನ್ನು ಕಿರುಚುವಷ್ಟು ವೇಗದಲ್ಲಿ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವಾಗ ನಾವು ಬಳಸುವುದು ಆ ವೇಗವನ್ನಲ್ಲ. ನಮಗೆ ಬೇಕಾದ ನಡುವಣ ಎಳೆತವನ್ನು ಕೊಟ್ಟು, ಬೇಡದ ತುದಿಯ ವೇಗವನ್ನು ಕೊಳ್ಳುವುದು ಯಾವ ಸಂತೆಯ ವ್ಯಾಪಾರ?

ಕಾನೂನಿನ ಕಣ್ಣು

ಕಾನೂನೂ ಇದನ್ನು ಲಘುವಾಗಿ ಕಾಣುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ರಚನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. 1989ರ ಕೇಂದ್ರ ನಿಯಮಗಳ 120ನೆಯ ನಿಯಮದಂತೆ ವಾಹನಕ್ಕೆ ಸದ್ದು ತಗ್ಗಿಸುವ ಸೈಲೆನ್ಸರು ಇರಲೇಬೇಕು. 2019ರ ತಿದ್ದುಪಡಿಯ ಮೇಲೆ, ಶಬ್ದ ಮತ್ತು ಹೊಗೆಯ ಮಿತಿಯನ್ನು ಮೀರಿದ ವಾಹನವನ್ನು ಓಡಿಸಿದರೆ ಮೊದಲ ಬಾರಿಗೇ ಮೂರು ತಿಂಗಳವರೆಗೆ ಸೆರೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಜೊತೆಗೆ ಮೂರು ತಿಂಗಳ ಕಾಲ ಲೈಸೆನ್ಸಿಗೆ ಅನರ್ಹತೆ. ನಾಡಿನ ಹಲವು ಪಟ್ಟಣಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಕೊಳವೆಗಳನ್ನು ಬೀದಿಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸಿದ ದೃಶ್ಯವನ್ನು ವಾಚಕರು ಕಂಡಿರಬಹುದು.

ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ; ಅಲ್ಲಿ ಹಗಲು 50, ಇರುಳು 40 ಡೆಸಿಬೆಲ್ ಮಿತಿ. ಡೆಸಿಬೆಲ್ಲಿನ ಲೆಕ್ಕ ವಿಚಿತ್ರವಾದುದು: ಹತ್ತು ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಪರೀಕ್ಷೆಗೆ ಓದುತ್ತಿರುವ ಮಗುವಿಗೂ, ಹಾಸಿಗೆ ಹಿಡಿದ ರೋಗಿಗೂ ಈ ಗಣಿತ ತಿಳಿಯದಿದ್ದರೂ ಅದರ ಫಲ ತಿಳಿಯುತ್ತದೆ.

ನಿಜವಾಗಿ ಶಕ್ತಿ ಬೇಕಾದವರಿಗೆ

ಗಾಡಿ ಚುರುಕಾಗಿರಬೇಕೆಂಬ ತರುಣರ ಆಸೆ ತಪ್ಪಲ್ಲ. ಆ ಆಸೆಗೆ ಅಗ್ಗವಾದ ದಾರಿಗಳೂ ಇವೆ. ಧೂಳು ತುಂಬಿದ ಏರ್ ಫಿಲ್ಟರನ್ನು ಬದಲಿಸಿ. ಎಂಜಿನ್ನಿನ ಉಸಿರು ಅರ್ಧ ಕಟ್ಟುವುದು ಅಲ್ಲಿಯೇ. ಹಳೆಯ ಪ್ಲಗ್ಗುಗಳನ್ನು ತೆಗೆದು ಹೊಸವನ್ನು ಹಾಕಿಸಿ. ಟೈರುಗಳಿಗೆ ಅಳತೆಗೆ ತಕ್ಕ ಗಾಳಿ ತುಂಬಿಸಿ. ಬ್ರೇಕು ಹಿಡಿದೇ ಇದ್ದು ಚಕ್ರವನ್ನು ಎಳೆಯುತ್ತಿದೆಯೇ ನೋಡಿಸಿ. ಡಿಕ್ಕಿಯಲ್ಲಿ ಹೊತ್ತು ತಿರುಗುವ ಬೇಡದ ಭಾರವನ್ನು ಇಳಿಸಿ. ಹೊಗೆಕೊಳವೆ ತುಕ್ಕು ಹಿಡಿದು ತೂತಾಗಿದ್ದರೆ, ಒಳಗೆ ಮುರಿದು ಕಟ್ಟಿಕೊಂಡಿದ್ದರೆ ಅವಶ್ಯವಾಗಿ ಬದಲಿಸಿ. ಆದರೆ ಆ ಗಾಡಿಗೆಂದೇ ಅಳತೆಯಿಟ್ಟು ಮಾಡಿದುದನ್ನೇ ಹಾಕಿಸಿ. ಬೆಸುಗೆ ಬಿಗಿಯಾಗಿದೆಯೇ ಎಂದು ನೊರೆ ಬಳಿದು ಪರೀಕ್ಷಿಸಲು ಮೇಸ್ತ್ರಿಗೆ ಹೇಳಲು ಸಂಕೋಚಪಡಬೇಡಿ.

ಇಷ್ಟಾದರೂ ದಪ್ಪ ಕೊಳವೆಯ ಮೋಹ ಬಿಡದವರಿಗೆ ಒಂದು ಪರೀಕ್ಷೆಯಿದೆ. ಹಣ ಕೊಡುವ ಮೊದಲು, ಹಾಗೆ ಕೊಳವೆ ಬದಲಿಸಿಕೊಂಡ ಗೆಳೆಯನ ಕಾರನ್ನೂ ಬದಲಿಸದ ಅದೇ ಮಾದರಿಯ ಇನ್ನೊಂದನ್ನೂ ತಂದು, ಊರ ಹೊರಗಿನ ಒಂದೇ ಏರಿನ ಬುಡದಲ್ಲಿ ನಿಲ್ಲಿಸಿ. ಎರಡರಲ್ಲೂ ಅಷ್ಟೇ ಜನ ಕೂತು, ಮೂರನೆಯ ಗೇರಿನಲ್ಲಿ, ನಿಧಾನವಾದ ಒಂದೇ ವೇಗದಿಂದ ಹತ್ತಲಿ. ಗಡಿಯಾರ ಹಿಡಿದವನು ಕಿವಿಗೆ ಹತ್ತಿ ಇಟ್ಟುಕೊಂಡು ತುದಿಯಲ್ಲಿ ನಿಂತಿರಲಿ. ಯಾವುದು ಮೊದಲು ಬಂತೆಂದು ಅವನು ಹೇಳಿದ ಮೇಲೆ ಅಂಗಡಿಗೆ ಹೋಗುವುದೋ, ಕಾಲೇಜಿನ ಶುಲ್ಕ ಕಟ್ಟುವುದೋ ನಿರ್ಧರಿಸಿದರೆ ಸಾಕು.